ಒಪ್ಪಂದದ ಮಾತುಕತೆ ಮುಗಿಯುವ ತನಕ: ಪೈಲಟ್‌ಗಳ ಒಗ್ಗಟ್ಟು ಕಟ್ಟುವ ಕೆಲಸ

ಅಮೆರಿಕದ ಏರ್‌ಲೈನ್‌ಗಳಲ್ಲಿ ಪೈಲಟ್‌ಗಳ ಒಪ್ಪಂದ ಒಂದು ದಿನ ಮುಗಿದುಹೋಗುವುದಿಲ್ಲ. 1926ರ ರೈಲ್ವೆ ಲೇಬರ್ ಆಕ್ಟ್ 1936ರಿಂದ ವಿಮಾನಯಾನಕ್ಕೂ ಅನ್ವಯಿಸುತ್ತದೆ. ಅದರಡಿ ಒಪ್ಪಂದಕ್ಕೆ ತಿದ್ದುಪಡಿಯ ದಿನಾಂಕವಷ್ಟೇ ಇರುತ್ತದೆ. ಆ ದಿನ ದಾಟಿದರೂ ಹೊಸದಕ್ಕೆ ಸಹಿ ಬೀಳುವವರೆಗೆ ಹಳೆಯ ಸಂಬಳ, ಹಳೆಯ ನಿಯಮಗಳೇ ನಡೆಯುತ್ತವೆ. ಡೆಲ್ಟಾ ಏರ್‌ಲೈನ್ಸ್‌ನ ಒಪ್ಪಂದ 2019ರ ಕೊನೆಗೆ ತಿದ್ದುಪಡಿಗೆ ಬಂತು. ನಡುವೆ ಕೋವಿಡ್ ಬಂದು, ಹೊಸ ಒಪ್ಪಂದಕ್ಕೆ ಪೈಲಟ್‌ಗಳ ಅಂಗೀಕಾರ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಇಷ್ಟು ವರ್ಷ ಸಾವಿರಾರು ಜನರನ್ನು ಜೊತೆಯಾಗಿ ಹಿಡಿದಿಡುವುದೇ ಯೂನಿಯನ್‌ನ ಸಂಪರ್ಕ ಸಮಿತಿಯಲ್ಲಿ ದುಡಿಯುವ ನಮ್ಮಂಥವರ ಕೆಲಸ.

ಊರಿನವರು ಕೇಳುವುದುಂಟು, ‘ಮುಷ್ಕರ ಹೂಡಿಬಿಡಬಾರದೇ?’ ಅಂತ. ಅದು ಅಷ್ಟು ಸುಲಭವಲ್ಲ. ನೇರ ಮಾತುಕತೆ ನಿಂತರೆ ಮಧ್ಯಸ್ಥಿಕೆ ನಡೆಸುವ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಮೀಡಿಯೇಷನ್ ಬೋರ್ಡ್ ನಡುವೆ ಬರುತ್ತದೆ, ಅದಕ್ಕೆ ಗಡುವಿಲ್ಲ. ಇನ್ನು ಸಾಧ್ಯವಿಲ್ಲ ಅನ್ನಿಸಿದಾಗ ಬೋರ್ಡ್, ಪಂಚಾಯ್ತಿ ತೀರ್ಮಾನಕ್ಕೆ ಒಪ್ಪುತ್ತೀರಾ ಎಂದು ಎರಡೂ ಕಡೆಯವರನ್ನು ಕೇಳುತ್ತದೆ. ಒಬ್ಬರು ಬೇಡವೆಂದರೂ ಬೋರ್ಡ್ ಕೈಬಿಡುತ್ತದೆ, ಅಲ್ಲಿಂದ 30 ದಿನ ಕಾಯಬೇಕು. ಅಮೆರಿಕದ ಅಧ್ಯಕ್ಷರು ತುರ್ತು ಮಂಡಳಿ ನೇಮಿಸಿದರೆ ಮತ್ತೆ 60 ದಿನ. ಆ ತನಕ ಎಲ್ಲರೂ ಸೇರಿ ಸಿಕ್ ಲೀವ್ ಹಾಕುವುದು, ಓವರ್‌ಟೈಮ್ ನಿರಾಕರಿಸುವುದು, ಬೇಕೆಂದೇ ನಿಧಾನ ಮಾಡುವುದು ಕಾನೂನುಬಾಹಿರ. 1999ರಲ್ಲಿ ರೀನೋ ಏರ್ ಎಂಬ ಸಣ್ಣ ಏರ್‌ಲೈನ್‌ನ ಖರೀದಿಯ ವಿವಾದದಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಸಾಮೂಹಿಕ ಸಿಕ್ ಲೀವ್ ಹಾಕಿದರು. ಕೋರ್ಟ್ ಆದೇಶವಾದ ಮೇಲೂ ಅದು ನಿಲ್ಲದ್ದರಿಂದ ಯೂನಿಯನ್ ಮೇಲೆ 4.55 ಕೋಟಿ ಡಾಲರ್ ದಂಡ ಬಿತ್ತು. ಭಾರತದಲ್ಲೂ 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳು ಇದೇ ದಾರಿ ಹಿಡಿದಾಗ ದೆಹಲಿ ಹೈಕೋರ್ಟ್ ಅದನ್ನು ಅಕ್ರಮವೆಂದಿತು, ಯೂನಿಯನ್‌ನ ಮಾನ್ಯತೆಯೂ ಹೋಯಿತು.

ಹಾಗಾಗಿ ಸಂಪರ್ಕ ಸಮಿತಿಗೆ ಬರುವ ಪ್ರತಿಯೊಬ್ಬರಿಗೂ ಮೊದಲು ಕಲಿಸುವುದು ಮೊಬೈಲಿನ ಶಿಸ್ತು. ‘ಈ ವಾರ ಯಾರೂ ಎಕ್ಸ್‌ಟ್ರಾ ಟ್ರಿಪ್ ತಗೋಬೇಡಿ’ ಎಂಬ ಒಂದು ವಾಟ್ಸಾಪ್ ಸಂದೇಶ ಸಾಕು, ನಾಳೆ ಅದು ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತಂದ ಮೊಕದ್ದಮೆಯಲ್ಲಿ ಸಿಕ್ ಲೀವ್‌ನ ಅಂಕಿಅಂಶ ಮುಂದಿಟ್ಟೇ ಕಂಪನಿ ತಡೆಯಾಜ್ಞೆ ಪಡೆಯಿತು. ಇಂಥ ಸಂದೇಶ ಗ್ರೂಪಿನಲ್ಲಿ ಕಂಡರೆ ಸುಮ್ಮನಿರುವುದೂ ತಪ್ಪೇ. ‘ಇದು ಯೂನಿಯನ್ ಹೇಳಿದ್ದಲ್ಲ, ಎಂದಿನಂತೆ ಹಾರಾಟ ನಡೆಸಿ’ ಎಂದು ಅಲ್ಲೇ ಬರೆದು, ಸಮಿತಿಗೆ ತಿಳಿಸಬೇಕು.

ಒಗ್ಗಟ್ಟು ಬೆಳೆಯುವುದು ಫೋನ್ ಕರೆಗಳಲ್ಲಿ. ಒಬ್ಬ ಸ್ವಯಂಸೇವಕನಿಗೆ 20ರಿಂದ 25 ಪೈಲಟ್‌ಗಳು; ಅದಕ್ಕಿಂತ ಹೆಚ್ಚಾದರೆ ಕರೆ ಬರಿಯ ಶಾಸ್ತ್ರವಾಗುತ್ತದೆ. ಅದೇ ಬೇಸ್ (ಟ್ರಿಪ್ ಶುರುವಾಗುವ ನಿಲ್ದಾಣ), ಅದೇ ಬಗೆಯ ವಿಮಾನ, ಆದಷ್ಟೂ ಅದೇ ಸೀಟಿನವರನ್ನು, ಅಂದರೆ ಕ್ಯಾಪ್ಟನ್‌ಗೆ ಕ್ಯಾಪ್ಟನ್‌ನನ್ನೇ, ಜೋಡಿಸುತ್ತೇವೆ. ರಿಸರ್ವ್‌ನಲ್ಲಿ, ಅಂದರೆ ಕರೆ ಬಂದರೆ ಹೋಗಲು ಕಾದು ಕೂರುವ ಪಾಳಿಯಲ್ಲಿ, ಕೊಳೆಯುತ್ತಿರುವ ಫಸ್ಟ್ ಆಫೀಸರ್‌ನ (ಸಹ ಪೈಲಟ್‌ನ) ಕಷ್ಟ ದೊಡ್ಡ ವೈಡ್‌ಬಾಡಿ ವಿಮಾನದ ಕ್ಯಾಪ್ಟನ್‌ಗೆ ಬೇಗ ಅರ್ಥವಾಗದು. ನಾಲ್ಕೈದು ವಾರಕ್ಕೊಮ್ಮೆ ಹತ್ತು ನಿಮಿಷದ ಕರೆ. ವಿಶ್ರಾಂತಿಯಲ್ಲಿರುವವರ ನಿದ್ದೆ ಕೆಡಿಸಬಾರದು, ಮೊದಲು ಮೆಸೇಜ್ ಹಾಕಿ ಸಮಯ ಕೇಳಿಕೊಳ್ಳಿ. ಕೇಳುವ ಪ್ರಶ್ನೆ ಮೂರೇ: ಈ ತಿಂಗಳ ಶೆಡ್ಯೂಲ್ ಹೇಗಿದೆ, ಒಪ್ಪಂದದಲ್ಲಿ ಯಾವುದನ್ನು ಬಿಟ್ಟುಕೊಡಲಾರಿರಿ, ಹೊಸ ಗಾಳಿಸುದ್ದಿ ಏನು ಕೇಳಿದಿರಿ? ಉತ್ತರವನ್ನು ಒಂದು ಸಾಲಿನಲ್ಲಿ ಬರೆದು ಮಾತುಕತೆ ಸಮಿತಿಗೆ ಕಳಿಸಬೇಕು. ಭರವಸೆ ಕೊಡಬಾರದು, ವಾದಕ್ಕಿಳಿಯಬಾರದು. ವಾದ ಮಾಡುವವನ ಫೋನನ್ನು ಎರಡನೇ ಸಲ ಯಾರೂ ಎತ್ತುವುದಿಲ್ಲ. ಈ ವ್ಯವಸ್ಥೆ ಕೆಡುವುದು ಹೆಚ್ಚಾಗಿ ಪಟ್ಟಿ ಹಳತಾಗಿ: ಬೇಸ್ ಬದಲಾದವರು, ಕ್ಯಾಪ್ಟನ್ ಆದವರು ಯಾರ ಪಾಲಿಗೂ ಬರದೆ ಉಳಿದುಬಿಡುತ್ತಾರೆ. ಯಾರಿಗೆ ಯಾವ ಬೇಸ್, ಯಾವ ಸೀಟು ಎಂಬ ಹುದ್ದೆಗಳ ಬಿಡ್ ಫಲಿತಾಂಶ ಬಂದಾಗಲೆಲ್ಲ ಪಟ್ಟಿ ತಿದ್ದಿ.

ನನ್ನ ಅನುಭವದಲ್ಲಿ ಒಡಕು ಬರುವ ಜಾಗ ಸೀನಿಯಾರಿಟಿ. ನಿವೃತ್ತಿಗೆ ಹತ್ತಿರವಾದ ಕ್ಯಾಪ್ಟನ್‌ಗೆ ನಿವೃತ್ತಿ ನಿಧಿ ಮುಖ್ಯ, ಹೊಸಬರಿಗೆ ರಿಸರ್ವ್ ನಿಯಮ, ದೂರದೂರಿಂದ ಬಂದು ಹಾರುವವರಿಗೆ ಟ್ರಿಪ್ ಯಾವ ಹೊತ್ತಿಗೆ ಶುರುವಾಗುತ್ತದೆ ಎಂಬುದು. ಮ್ಯಾನೇಜ್‌ಮೆಂಟ್‌ಗೆ ಇದೆಲ್ಲ ಚೆನ್ನಾಗಿ ಗೊತ್ತು. ಗಂಟೆಯ ದರ ಏರಿಸಿ ಶೆಡ್ಯೂಲಿಂಗ್‌ನಲ್ಲಿ ಹಿಂತೆಗೆದುಕೊಳ್ಳುವ ಪ್ರಸ್ತಾಪ ಬಂದೇ ಬರುತ್ತದೆ. ಯಾವ ಗುಂಪಿಗೆ ಏನು ಬೇಕೆಂದು ಮೊದಲೇ ಸಮೀಕ್ಷೆ ಮಾಡಿ, ಒಬ್ಬರ ಬೇಡಿಕೆಯನ್ನು ಇನ್ನೊಬ್ಬರಿಗೆ ವಿವರಿಸಿ ಹೇಳದಿದ್ದರೆ ಕೊನೆಗೆ ಮತಪೆಟ್ಟಿಗೆಯಲ್ಲಿ ತಿಳಿಯುತ್ತದೆ. 2023ರಲ್ಲಿ ಫೆಡೆಕ್ಸ್ ಪೈಲಟ್‌ಗಳು ತಮ್ಮದೇ ಯೂನಿಯನ್ ಮತಕ್ಕೆ ತಂದ ಒಪ್ಪಂದದ ಕರಡನ್ನು 57% ಮತಗಳಿಂದ ತಳ್ಳಿಹಾಕಿದರು.

ಪಿಕೆಟಿಂಗ್ ಕಣ್ಣಿಗೆ ಕಾಣುವ ಭಾಗ. ಇದು ಮುಷ್ಕರವಲ್ಲ, ಬಿಡುವಿನ ದಿನದಲ್ಲಿ ಮಾಡುವ ಪ್ರದರ್ಶನ. ವಿಮಾನ ನಿಲ್ದಾಣದ ಅನುಮತಿ ಪತ್ರದಲ್ಲಿ ಜಾಗ, ಜನರ ಸಂಖ್ಯೆ, ಫಲಕಕ್ಕೆ ಕೋಲು ಇರಬಹುದೇ ಎಂಬುದನ್ನೆಲ್ಲ ಓದಿಕೊಳ್ಳಿ. ಪೂರ್ತಿ ಸಮವಸ್ತ್ರ, ತಲೆಗೆ ಟೋಪಿ, ಇಬ್ಬಿಬ್ಬರ ಸಾಲು. ಘೋಷಣೆ ಬೇಡ, ಕೈಯಲ್ಲಿ ಮೊಬೈಲ್ ಬೇಡ, ಕಾಫಿ ಲೋಟವೂ ಬೇಡ. ಪತ್ರಕರ್ತರೊಡನೆ ಮಾತಾಡುವುದು ನಿಗದಿಯಾದವರು ಮಾತ್ರ. ಮರುದಿನ ನಸುಕಿಗೆ ಟ್ರಿಪ್ ಇರುವವರನ್ನು ಕರೆಯುವುದಿಲ್ಲ. ದಣಿದ ಪೈಲಟ್ ಕಾಕ್‌ಪಿಟ್‌ಗೆ ಹೋಗಕೂಡದು. ಉಳಿದ ದಿನಗಳಲ್ಲಿ ಎಲ್ಲರ ಕೊರಳಲ್ಲೂ ಒಂದೇ ಬಣ್ಣದ ಲ್ಯಾನ್ಯಾರ್ಡ್ (ಗುರುತಿನ ಚೀಟಿಯ ದಾರ) ಸಾಕು.

ಮುಷ್ಕರಕ್ಕೆ ಅಧಿಕಾರ ಕೊಡುವ ಮತದಾನವನ್ನು ಕರೆಗಳ ಲೆಕ್ಕ ನೋಡಿಯೇ ಕರೆಯಬೇಕು. 2022ರಲ್ಲಿ ಡೆಲ್ಟಾದಲ್ಲಿ ಮತ ಹಾಕಿದವರಲ್ಲಿ 99% ಜನ ಹೌದೆಂದರು. ನಂತರ ಬಂದ ಒಪ್ಪಂದದಲ್ಲಿ 2026ರ ವರೆಗಿನ ಸಂಬಳದ ಒಟ್ಟು ಏರಿಕೆ ಸುಮಾರು 34%. 80%ಕ್ಕೆ ನಿಂತ ಫಲಿತಾಂಶ ಎದುರು ಪಕ್ಷಕ್ಕೆ ನಾವೇ ಕೊಟ್ಟ ಉಡುಗೊರೆ. ಪ್ರತಿ ಸ್ವಯಂಸೇವಕ ತನ್ನ ಪಟ್ಟಿಯಲ್ಲಿ ಮತ ಹಾಕಿದಿರಾ ಎಂದಷ್ಟೇ ಕೇಳುತ್ತಾನೆ, ಯಾವ ಕಡೆಗೆ ಎಂದಲ್ಲ.

ಕರಡು ಬಂದ ಮೇಲೂ ಸಂಪರ್ಕ ಸಮಿತಿ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಪ್ರಚಾರ ಮಾಡಕೂಡದು. ಪೂರ್ಣ ಪಠ್ಯ, ಹಳೆಯದರ ಪಕ್ಕ ಹೊಸದನ್ನಿಟ್ಟ ಕೋಷ್ಟಕ ಕೈಗಿಟ್ಟು ಪ್ರಶ್ನೆಗಳಿಗೆ ಉತ್ತರಿಸಬೇಕು. ಅಂಗೀಕಾರವಾದ ಮೇಲೆ ಕರೆಗಳನ್ನು ನಿಲ್ಲಿಸಬೇಡಿ. ಹೊಸ ಶೆಡ್ಯೂಲಿಂಗ್ ನಿಯಮಗಳು ಕಂಪನಿಯ ಕಂಪ್ಯೂಟರಿಗೆ ಸೇರುವ ತಿಂಗಳುಗಳಲ್ಲೇ ಸಂಬಳದ ಚೀಟಿ ತಪ್ಪುವುದು. ಆಗ ಟ್ರಿಪ್ ಸಂಖ್ಯೆ, ದಿನಾಂಕ, ಸಿಗಬೇಕಾದ ಗಂಟೆ, ಸಿಕ್ಕ ಗಂಟೆ ಈ ನಾಲ್ಕನ್ನು ಬರೆದುಕೊಂಡು ದೂರು ಸಮಿತಿಗೆ ಮುಟ್ಟಿಸುವವನೂ ಅದೇ ಸ್ವಯಂಸೇವಕನೇ.