ಓವರ್‌ಕ್ಲಾಕ್ ಮಾಡಿದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಪ್ರೊಸೆಸರಿನ ವೇಗವನ್ನೋ ರ‍್ಯಾಮಿನ ವೇಗವನ್ನೋ ಏರಿಸಿ, ಸೆಟ್ಟಿಂಗ್ ಉಳಿಸಿ ರೀಸ್ಟಾರ್ಟ್ ಕೊಟ್ಟಾಗ ಫ್ಯಾನು ತಿರುಗುತ್ತದೆ, ಕ್ಯಾಬಿನೆಟ್ಟಿನ ದೀಪವೂ ಹತ್ತುತ್ತದೆ, ಆದರೆ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ. ಗೇಮಿಂಗಿಗಾಗಿ ಯಂತ್ರ ಜೋಡಿಸಿಕೊಂಡ ಹುಬ್ಬಳ್ಳಿಯ ವಿದ್ಯಾರ್ಥಿಯಾಗಲಿ, ಗದಗಿನ ಮುದ್ರಣಾಲಯದಲ್ಲಿ ಪುಟ ವಿನ್ಯಾಸ ಮಾಡುವವರಾಗಲಿ, ಮದರ್‌ಬೋರ್ಡ್ ಸುಟ್ಟುಹೋಯಿತೆಂದೇ ಮೊದಲು ಗಾಬರಿಯಾಗುತ್ತಾರೆ. ವೋಲ್ಟೇಜನ್ನು ಮಿತಿಮೀರಿ ಏರಿಸಿರದಿದ್ದರೆ ಹಾಗಾಗಿರುವ ಸಾಧ್ಯತೆ ಕಡಿಮೆ. ತನ್ನಿಂದ ನಡೆಸಲಾಗದ ಸೆಟ್ಟಿಂಗನ್ನು ಬೋರ್ಡ್ ನೆನಪಿಟ್ಟುಕೊಂಡು, ಚಾಲೂ ಮಾಡಿದಾಗಲೆಲ್ಲ ಅದನ್ನೇ ಪ್ರಯತ್ನಿಸಿ ಸೋಲುತ್ತಿರುತ್ತದೆ. ಬಿಡಿಭಾಗ ಕೊಳ್ಳುವ ಮೊದಲು ಆ ನೆನಪನ್ನು ಅಳಿಸಬೇಕು.

ಅದಕ್ಕೂ ಮುಂಚೆ ಸ್ವಲ್ಪ ಕಾಯಬೇಕು. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳು ವೇಗ ಬದಲಾದ ಕೂಡಲೇ ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತವೆ. ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು, ಅಷ್ಟು ಹೊತ್ತೂ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಈ ನಡುವೆ ಪವರ್ ಬಟನ್ ಒತ್ತಿದರೆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಲವು ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಚಿಕ್ಕ ದೀಪಗಳಿರುತ್ತವೆ; ಇವು ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಮತ್ತು ಬೂಟ್ ಡಿಸ್ಕಿನವು. ಯಾವುದು ಆರದೆ ನಿಂತಿದೆಯೋ ಬೋರ್ಡಿನ ತಪಾಸಣೆ ಅಲ್ಲಿಗೆ ನಿಂತಿದೆ ಎಂದರ್ಥ. ಓವರ್‌ಕ್ಲಾಕ್ ಮಾಡಿದ ಯಂತ್ರಗಳಲ್ಲಿ ಹೆಚ್ಚಾಗಿ ನಿಲ್ಲುವುದು ಡಿರ‍್ಯಾಮ್ ದೀಪ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ, ಮೆಮೊರಿಯ ವೇಗ ಏರಿಸುವ ಸಿದ್ಧ ಸೆಟ್ಟಿಂಗನ್ನು ಆನ್ ಮಾಡುವುದನ್ನು ಬಹಳ ಜನ ಓವರ್‌ಕ್ಲಾಕ್ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದೂ ಓವರ್‌ಕ್ಲಾಕೇ.

ಹತ್ತು ನಿಮಿಷ ಕಾದರೂ ಚಿತ್ರ ಬಾರದಿದ್ದರೆ ಸಿಮಾಸ್, ಅಂದರೆ ಬೋರ್ಡ್ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಆ ನೆನಪನ್ನು ಅಳಿಸಬೇಕು. ಪವರ್ ಸಪ್ಲೈನ ಹಿಂದಿನ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ಗನ್ನೂ ಕಿತ್ತು, ಒಳಗೆ ಉಳಿದ ವಿದ್ಯುತ್ ಹರಿದುಹೋಗುವಂತೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು ಕೈ ಒಳಗೆ ಹಾಕಿ. ಬೋರ್ಡಿನ ಮೇಲೆ ಸಿಎಲ್‌ಆರ್‌ಟಿಸಿ, ಸಿಎಲ್‌ಆರ್ ಸಿಮಾಸ್ ಅಥವಾ ಜೆಬ್ಯಾಟ್1 ಎಂಬ ಹೆಸರಿನ ಪಕ್ಕ ಎರಡು ಸಣ್ಣ ಪಿನ್ನುಗಳಿರುತ್ತವೆ. ಸ್ಕ್ರೂಡ್ರೈವರಿನ ತುದಿ ಎರಡಕ್ಕೂ ಒಟ್ಟಿಗೆ ತಾಗುವಂತೆ ಹತ್ತು ಸೆಕೆಂಡು ಹಿಡಿದರೆ ಸಾಕು. ಪಕ್ಕದಲ್ಲೇ ಅದೇ ರೂಪದ ಬೇರೆ ಪಿನ್ನುಗಳೂ ಇರುವುದರಿಂದ ಊಹೆಯ ಮೇಲೆ ಮುಟ್ಟದೆ ಮ್ಯಾನ್ಯುಯಲ್ ನೋಡಿ ಖಚಿತಪಡಿಸಿಕೊಳ್ಳಿ. ಪಿನ್ನು ಸಿಗದಿದ್ದರೆ ನಾಣ್ಯದಂತಿರುವ ಸಿಆರ್2032 ಸೆಲ್ಲಿನ ಅಂಚಿನ ಕೊಂಡಿಯನ್ನು ಉಗುರಿನಿಂದ ಸರಿಸಿ, ಸೆಲ್ಲನ್ನು ಹೊರತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಕೂರಿಸಿ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಈ ಸೆಲ್ಲು ಅಡಗಿರುವುದು ಸಾಮಾನ್ಯ. ಆಗ ಕಾರ್ಡನ್ನೇ ತೆಗೆಯಬೇಕಾಗುತ್ತದೆ.

ಇಷ್ಟಾದರೂ ಏಳದಿದ್ದರೆ ಒಂದೇ ರ‍್ಯಾಮ್ ಪಟ್ಟಿಯನ್ನು ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿ, ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಎ2 ಎಂದು ಗುರುತಿಸಿರುವಲ್ಲಿ ಕೂರಿಸಿ ನೋಡಿ, ಬಳಿಕ ಇನ್ನೊಂದು ಪಟ್ಟಿಯನ್ನೂ ಹಾಗೆಯೇ ಪರೀಕ್ಷಿಸಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ಬದಿಗಿಟ್ಟು ಬೋರ್ಡಿನ ಕಿಂಡಿಗೆ ಮಾನಿಟರ್ ಜೋಡಿಸಬಹುದು. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಆ ಸೌಲಭ್ಯವಿಲ್ಲದ ಕಾರಣ ಅಲ್ಲಿ ಕಪ್ಪು ಪರದೆ ಕಂಡು ಹೆದರಬೇಕಿಲ್ಲ.

ಚಿತ್ರ ಬಂದು, ವಿಂಡೋಸ್ ಮಾತ್ರ ತೆರೆಯದಿದ್ದರೆ ಅದು ಬೇರೆಯೇ ತೊಂದರೆ. ಸಿಮಾಸ್ ಅಳಿಸಿದಾಗ ಡಿಸ್ಕಿನ ಎಎಚ್‌ಸಿಐ ಅಥವಾ ರೈಡ್ ಆಯ್ಕೆ (ಬೋರ್ಡ್ ಡಿಸ್ಕನ್ನು ನಡೆಸುವ ಬಗೆ), ಬೂಟ್ ಕ್ರಮ, ಗಡಿಯಾರ ಎಲ್ಲವೂ ಬೋರ್ಡ್ ಕಾರ್ಖಾನೆಯಿಂದ ಬಂದಾಗ ಇದ್ದಂತಾಗುತ್ತವೆ. ಹಿಂದೆ ಇದ್ದ ಆಯ್ಕೆಯನ್ನು ಮರಳಿ ಹಾಕದೆ ವಿಂಡೋಸ್ ಮರುಸ್ಥಾಪಿಸಲು ಹೊರಡುವುದು ವ್ಯರ್ಥ ಶ್ರಮ. ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗ ಆನ್ ಇದ್ದರೆ ರಿಕವರಿ ಕೀ ಕೇಳಬಹುದು. ವಿಂಡೋಸಿನೊಳಗಿನ ತಂತ್ರಾಂಶದಿಂದ ಗ್ರಾಫಿಕ್ಸ್ ಕಾರ್ಡಿನ ವೇಗ ಏರಿಸಿದ್ದರೆ ಸಿಮಾಸ್ ಅಳಿಸಿ ಪ್ರಯೋಜನವಿಲ್ಲ. ಸೇಫ್ ಮೋಡಿನಲ್ಲಿ ತೆರೆದು ಆ ತಂತ್ರಾಂಶವನ್ನೇ ತೆಗೆಯಬೇಕು.

ನಮ್ಮ ಕಡೆ ಎಲ್ಲದಕ್ಕೂ ಬಿಸಿಲನ್ನು ದೂರುವ ರೂಢಿಯಿದೆ. ರಾತ್ರಿಯಿಡೀ ತಣ್ಣಗೆ ಬಿದ್ದಿದ್ದ ಯಂತ್ರ ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಸೋತರೆ ಅದಕ್ಕೆ ಬಿಸಿಲು ಕಾರಣವಲ್ಲ. ಬಿಸಿಯಿಂದ ಯಂತ್ರ ನಿಲ್ಲುವುದು ಸಾಮಾನ್ಯವಾಗಿ ಕೆಲಸದ ನಡುವೆ. ಮತ್ತೆ ವೇಗ ಏರಿಸುವಾಗ ಮಾತ್ರ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುವುದರಿಂದ, ಡಿಸೆಂಬರಿನಲ್ಲಿ ಗಟ್ಟಿಯಾಗಿ ನಿಂತ ಸೆಟ್ಟಿಂಗ್ ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಕೈಕೊಡಬಹುದು. ಎರೆಮಣ್ಣಿನ ಸಣ್ಣ ಧೂಳು ಕೂಲರಿನ ರೆಕ್ಕೆಗಳ ಸಂದಿಯಲ್ಲಿ ಕೂತಿದ್ದರೆ ಮೊದಲು ಅದನ್ನು ಊದಿ ತೆಗೆಯಿರಿ; ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಅನಂತರ ಒಮ್ಮೆಗೆ ಒಂದೇ ಮೌಲ್ಯವನ್ನು ಬದಲಿಸಿ, ಪರದೆಯ ಫೋಟೋ ತೆಗೆದಿಟ್ಟುಕೊಂಡು, ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಓಡಿಸಿ ನೋಡಿ.

ಬಯಾಸ್, ಅಂದರೆ ಬೋರ್ಡನ್ನು ಚಾಲೂ ಮಾಡುವ ಅದರೊಳಗಿನ ತಂತ್ರಾಂಶ, ಅಪ್‌ಡೇಟ್ ಮಾಡಿದರೆ ಸರಿಹೋಗುವ ಪ್ರಸಂಗಗಳೂ ಇವೆ, ಮುಖ್ಯವಾಗಿ ಹೊಸ ರ‍್ಯಾಮ್ ಹಳೆಯ ಬೋರ್ಡಿಗೆ ಹೊಂದದಿದ್ದಾಗ. ಆದರೆ ನಡುವೆ ಕರೆಂಟು ಹೋದರೆ ಬೋರ್ಡ್ ನಿಜವಾಗಿಯೂ ಕೆಡಬಹುದಾದ್ದರಿಂದ, ಯುಪಿಎಸ್ ಇಲ್ಲದೆ, ಅದರಲ್ಲೂ ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ, ಈ ಕೆಲಸಕ್ಕೆ ಕೈ ಹಾಕಬೇಡಿ. ಸಿಮಾಸ್ ಅಳಿಸಿ, ಒಂದೊಂದೇ ರ‍್ಯಾಮ್ ಹಾಕಿ ನೋಡಿದ ಮೇಲೂ ಸಿಪಿಯು ದೀಪ ಆರದಿದ್ದರೆ ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ಯಿರಿ. ಏನೇನು ಏರಿಸಿದ್ದಿರಿ, ಎಷ್ಟು ವೋಲ್ಟ್ ಕೊಟ್ಟಿದ್ದಿರಿ ಎಂಬುದನ್ನು ಮುಚ್ಚಿಡದೆ ಅಲ್ಲಿ ಹೇಳಿ.