ಹಾಸನದ ಲಾಡ್ಜಿನಲ್ಲಿ ಎರಡನೆಯ ರಾತ್ರಿ: ನನ್ನ ಅನುಭವ

ಹಾಸನದಲ್ಲಿ ಲಾಡ್ಜ್ ನಡೆಸುವವರಿಗೆ ಗೊತ್ತಿರುವ ಮಾತೇ. ನಮ್ಮ ಪ್ರವಾಸಿ ರಾತ್ರಿ ಒಂಬತ್ತಕ್ಕೆ ಬರುತ್ತಾನೆ, ಬೆಳಿಗ್ಗೆ ಏಳಕ್ಕೆ ಹೊರಡುತ್ತಾನೆ. ಬೇಲೂರು, ಹಳೇಬೀಡು ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಿ ಸಂಜೆಗೆ ಚಿಕ್ಕಮಗಳೂರಿನ ಹೋಂಸ್ಟೇ ಸೇರುತ್ತಾನೆ. ಪೇಟೆಯೊಳಗಿನ ಲಾಡ್ಜಿನಲ್ಲಿ ಎರಡು ರಾತ್ರಿ ಯಾರು ಇರುತ್ತಾರೆ ಎಂದು ನನ್ನ ಭಾವನಿಂದ ಹಿಡಿದು ಪಕ್ಕದ ಲಾಡ್ಜಿನವರವರೆಗೆ ಎಲ್ಲರೂ ನಕ್ಕಿದ್ದರು. ಈಗ ನನ್ನಲ್ಲಿಗೆ ಬರುವ ಪ್ರವಾಸಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡು ರಾತ್ರಿ ಉಳಿಯುತ್ತಾರೆ, ಕೆಲವರು ಮೂರು. ಪಕ್ಕದವರು ನನ್ನ ಹುಡುಗರನ್ನು ಟೀಗೆ ಕರೆದು ದರ ವಿಚಾರಿಸುತ್ತಾರಂತೆ. ನನ್ನನ್ನೇ ಕೇಳಿದ್ದರೆ ಟೀ ಖರ್ಚು ಉಳಿಯುತ್ತಿತ್ತು.

ಎರಡನೆಯ ರಾತ್ರಿಯ ಮೇಲೆ ಇಷ್ಟೊಂದು ಆಸೆ ಏಕೆ ಎಂದರೆ ಲಾಭವಿರುವುದೇ ಅದರಲ್ಲಿ. ಸಾವಿರದ ಇನ್ನೂರರ ಡಬಲ್ ರೂಂ ಆನ್‌ಲೈನ್‌ನಲ್ಲಿ ಹೋದರೆ ಇನ್ನೂರು, ಇನ್ನೂರೈವತ್ತು ಕಮಿಷನ್ ಹೋಗುತ್ತದೆ. ಹಾಸಿಗೆ ಬಟ್ಟೆ, ಟವೆಲ್ ಒಗೆತಕ್ಕೆ ಅರವತ್ತು, ಎಪ್ಪತ್ತು. ಎರಡನೆಯ ರಾತ್ರಿಯನ್ನು ಗಿರಾಕಿ ಕೌಂಟರಿನಲ್ಲೇ ನಿಂತು ಮಾಡಿಕೊಂಡರೆ ಕಮಿಷನ್ನೂ ಇಲ್ಲ, ಒಗೆತವೂ ಇಲ್ಲ. ಇನ್ನೂರು ರೂಪಾಯಿ ಬಿಟ್ಟುಕೊಟ್ಟರೂ ಮೊದಲ ರಾತ್ರಿಗಿಂತ ಹೆಚ್ಚು ಉಳಿಯುತ್ತದೆ. 2022ರ ಜುಲೈನಲ್ಲಿ ಸಾವಿರದೊಳಗಿನ ರೂಮುಗಳಿಗೂ ಶೇ 12 ಜಿಎಸ್‌ಟಿ ಬಂದಾಗ ನನ್ನ ಸಣ್ಣ ರೂಮುಗಳ ಗಿರಾಕಿಗಳು ಚೌಕಾಸಿ ಶುರು ಮಾಡಿದರು. ಈ ಲೆಕ್ಕ ತಲೆಗೆ ಹೊಕ್ಕಿದ್ದು ಆಗಲೇ.

ಮೊದಲು ವ್ಯಾನ್ ಇಟ್ಟೆ. ರೂಂ, ವ್ಯಾನ್, ಊಟ ಸೇರಿಸಿ ಒಂದೇ ದರ. ಒಂದು ಸೀಸನ್‌ನಲ್ಲಿ ಐವತ್ತು ಸಾವಿರದ ಆಸುಪಾಸು ಕೈಬಿಟ್ಟಿತು. ಬೆಂಗಳೂರಿನವರು ಸ್ವಂತ ಕಾರಿನಲ್ಲಿ ಬರುತ್ತಾರೆ, ಬಸ್ಸಿನಲ್ಲಿ ಬಂದವರಿಗೆ ವ್ಯಾನ್ ದುಬಾರಿ. ಆಮೇಲೆ ಎರಡು ರೂಮಿಗೆ ಎಸಿ ಹಾಕಿಸಿದೆ. ಹಾಸನದ ಹವೆಗೆ ಎಸಿ! ಏಪ್ರಿಲ್ ಬಿಟ್ಟರೆ ರಿಮೋಟ್ ಕೇಳಿದವರಿಲ್ಲ. ಉಚಿತ ತಿಂಡಿ ಎಂದು ಬೋರ್ಡ್ ಹಾಕಿದ್ದೂ ಆಯಿತು, ತಿಂಡಿ ತಿಂದು ಅದೇ ಏಳೂವರೆಗೆ ಹೊರಟರು.

ಕೊನೆಗೆ ಫಲಿಸಿದ್ದು ಗಿರಾಕಿಗೆ ಕೊಡುವ ಒಂದು ಕಾಗದ. ಅದರಲ್ಲಿ ಬರೆದಿರುವುದು ಸ್ಥಳಪುರಾಣವಲ್ಲ, ಬಿಸಿಲಿನ ಲೆಕ್ಕ. ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಾಭಿಮುಖ, ಆದರೆ ನಿಂತು ನೋಡಬೇಕಾದ ದೊಡ್ಡ ಶಿಲ್ಪಗಳ ಸಾಲು ಹಿಂದಿನ ಗೋಡೆಯಲ್ಲಿದೆ. ಬೆಳಿಗ್ಗೆ ಹೋದರೆ ಅದು ನೆರಳಿನಲ್ಲಿ ಮಂಕಾಗಿರುತ್ತದೆ. ಮಧ್ಯಾಹ್ನ ಮೂರೂವರೆಯ ನಂತರ ಓರೆಬಿಸಿಲು ಬಿದ್ದಾಗ ಬಳಪದ ಕಲ್ಲಿನಲ್ಲಿ ಒಡವೆಯ ಎಳೆಎಳೆಯೂ ಕಾಣುತ್ತದೆ. ಬೇಲೂರಿಗೆ ಬೆಳಗಿನ ಹೊತ್ತೇ ಸರಿ. ಪೂರ್ವದ ಬಾಗಿಲ ಮೇಲಿನ ಮದನಿಕೆಯರಿಗೆ ಬೆಳಕು ಸಿಗುತ್ತದೆ, ಅಂಗಳದ ಚಪ್ಪಡಿ ಇನ್ನೂ ಕಾದಿರುವುದಿಲ್ಲ. ಇಷ್ಟು ಹೇಳಿದರೆ ಸಾಕು, ಎರಡೂ ಒಂದೇ ದಿನದ ಕೆಲಸವಲ್ಲ ಎಂದು ಗಿರಾಕಿಗೆ ತಾನಾಗಿಯೇ ತಿಳಿಯುತ್ತದೆ.

ಹೀಗಾಗಿ ಮೊದಲ ದಿನ ಮಧ್ಯಾಹ್ನ ಊಟಕ್ಕೆ ಬರಲು ಹೇಳುತ್ತೇನೆ, ಸಂಜೆ ಮೂವತ್ತು ಕಿಲೋಮೀಟರ್ ದೂರದ ಹಳೇಬೀಡು. ಮರುದಿನ ನಸುಕಿನಲ್ಲಿ ಬೇಲೂರು ರಸ್ತೆ ಹಿಡಿದು, ದಾರಿಯಲ್ಲಿ ಒಳಕ್ಕೆ ತಿರುಗಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ. ನಾಲ್ಕು ಗರ್ಭಗುಡಿಗಳ ಆ ಗುಡಿ 1117ರ ಬೇಲೂರಿಗಿಂತ ಕೆಲವು ವರ್ಷ ಹಿರಿಯದು. ಬೇಲೂರು ಮುಗಿಸಿ ಒಂದು ಗಂಟೆಗೆ ರೂಮಿಗೆ ಬಂದು ನಿದ್ದೆ. ಈ ನಿದ್ದೆಯೇ ನಾನು ಮಾರುವ ಸರಕು, ದಾರಿಯ ಮೇಲೆ ಹೊರಟವನಿಗೆ ಅದು ಸಿಗುವುದಿಲ್ಲ. ಸಂಜೆ ಮೊಸಳೆ ಎಂಬ ಹಳ್ಳಿಯ ಜೋಡಿ ಗುಡಿ ಅಥವಾ ಕೋರವಂಗಲದ ಬೂಚೇಶ್ವರ, ಎರಡೂ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್, ಆಟೋ ಸಾಕು. ಇಂಥ ಹಳ್ಳಿಯ ಗುಡಿಗಳ ಬೀಗದ ಕೈ ಯಾವ ಹೊತ್ತಿನಲ್ಲಿ ಯಾರ ಬಳಿ ಇರುತ್ತದೆ ಎಂಬುದು ನನ್ನ ಬಂಡವಾಳ, ಇಲ್ಲಿ ಬರೆಯುವುದಿಲ್ಲ. ಎರಡನೆಯ ರಾತ್ರಿಯ ದರವನ್ನು ಯಾವ ಗಳಿಗೆಯಲ್ಲಿ ಹೇಳುತ್ತೇನೆ ಎಂಬುದೂ ಅಷ್ಟೇ. ಚೆಕ್-ಇನ್ ಹೊತ್ತಿನಲ್ಲಿ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ನಸುಕಿನಲ್ಲಿ ಹೊರಡಿಸುವ ಯೋಜನೆ ಹೆಚ್ಚುಕಡಿಮೆ ಬಿಸಿನೀರಿನಲ್ಲೇ ಮುಳುಗಿತ್ತು. ಐದು ಗಂಟೆಗೆ ಎಲ್ಲ ರೂಮಿಗೂ ನೀರು ಬೇಕು. ಸೋಲಾರ್ ಇತ್ತು, ಆದರೆ ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ. ಸಿಲ್ವರ್ ಓಕ್ ಸೌದೆಯ ಬಾಯ್ಲರ್ ಹಾಕಿದೆ, ಹೊಗೆ ಹಿಂದಿನ ಮನೆಯವರ ಒಣಗುವ ಬಟ್ಟೆಗೆ ಹೋಗಿ ನಿತ್ಯ ಜಗಳ. ರೂಮಿಗೊಂದು ಗೀಸರ್ ಇಟ್ಟರೆ ಸೆಸ್ಕ್ ಕಳಿಸುವ ಕರೆಂಟ್ ಬಿಲ್ ನೋಡಿದ ಮೇಲೆ ಯಾರಿಗೂ ನಿದ್ದೆ ಬರುವುದಿಲ್ಲ. ಕೊನೆಗೆ ಎರಡೂವರೆ ಲಕ್ಷದ ಹತ್ತಿರ ಸುರಿದು, ಗಾಳಿಯ ಶಾಖ ಹೀರಿ ನೀರು ಕಾಯಿಸುವ ಹೀಟ್ ಪಂಪ್ ತಂದೆ. ಒಂದೂವರೆ ವರ್ಷದಲ್ಲಿ ದುಡ್ಡು ಹಿಂದೆ ಬಂದಿರಬೇಕು. ಈ ಖರ್ಚಿಗೆ ಹಿಂಜರಿಯುವವರು ನಸುಕಿನ ಮಾತೇ ಎತ್ತಬಾರದು.

ನಡುವೆ ಸಾಕ್ಸ್ ಪ್ರಯೋಗವನ್ನೂ ಮಾಡಿದೆ. ಶ್ರವಣಬೆಳಗೊಳದಲ್ಲಿ ಬರಿಗಾಲಿನಲ್ಲೇ ವಿಂಧ್ಯಗಿರಿ ಹತ್ತಬೇಕು, ಬಂಡೆ ಕಾದರೆ ಅಂಗಾಲು ಸುಡುತ್ತದೆ. ಸಗಟಿನಲ್ಲಿ ಹತ್ತಿಯ ಸಾಕ್ಸ್ ತಂದು ತಲೆಗೊಂದು ಜೊತೆ ಕೊಟ್ಟೆ. ಇಪ್ಪತ್ತು ರೂಪಾಯಿಯ ಈ ಸಾಕ್ಸ್ ಬಗ್ಗೆ ಗಿರಾಕಿಗಳು ಬರೆದಷ್ಟು ಹೊಗಳಿಕೆಯನ್ನು ನನ್ನ ಎಸಿ ಕಂಡಿಲ್ಲ. ಅಲ್ಲಿಗೆ ಬರುವ ಜೈನ ಯಾತ್ರಿಕರ ವಿಷಯ ಬೇರೆ: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಊಟ, ಅದೂ ಸೂರ್ಯ ಮುಳುಗುವ ಮೊದಲು. ನನ್ನ ಅಡುಗೆಭಟ್ಟ ಮೊದಲು ಮುನಿಸಿಕೊಂಡ, ಸಂಜೆ ಐದಕ್ಕೇ ಒಂದು ಪಂಕ್ತಿ ಮುಗಿದರೆ ರಾತ್ರಿ ನೂಕುನುಗ್ಗಲು ಇರುವುದಿಲ್ಲ ಎಂದು ಕಂಡ ಮೇಲೆ ಸುಮ್ಮನಾದ. ಸೈಕಲ್ ಬಾಡಿಗೆ ಪ್ರಯೋಗದ ಬಗ್ಗೆ ಕೇಳಬೇಡಿ, ನಾಲ್ಕೂ ಗೋದಾಮಿನಲ್ಲಿವೆ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದಾಗ ಇನ್ನೇನು ರೂಮುಗಳು ತಾವಾಗಿಯೇ ತುಂಬುತ್ತವೆ ಎಂದು ನಮ್ಮವರು ಗೋಡೆಗೆ ಬಣ್ಣ ಹೊಡೆಸಿದರು. ಫೋನ್ ಕರೆ ಹೆಚ್ಚಾದದ್ದು ನಿಜ. ಆದರೆ ಬಂದವರಿಗೆ ಹೊತ್ತಿನ ಲೆಕ್ಕ ಹೇಳುವವರಿಲ್ಲದ ಕಡೆ ಅದೇ ಒಂಬತ್ತರ ಆಗಮನ, ಅದೇ ಏಳರ ನಿರ್ಗಮನ.

ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದ ದಿನಗಳಿಗೆ ಮಾತ್ರ ಈ ಕಾಗದ ಅನ್ವಯಿಸುವುದಿಲ್ಲ. ಆಗ ರಿಯಾಯಿತಿ ಇಲ್ಲ, ಮಧ್ಯಾಹ್ನದ ನಿದ್ದೆ ಇಲ್ಲ, ಒಂದೇ ರಾತ್ರಿ, ಪೂರ್ತಿ ಮುಂಗಡ. ಆ ವಾರ ನನ್ನ ಭಾವನೂ ಕೌಂಟರಿಗೆ ಬಂದು ಕೂರುತ್ತಾನೆ.