ನಾಲ್ಕು ರೊಟ್ಟಿ ಹೊತ್ತಿನ ಕಂಪ್ಯೂಟರ್

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ 2013ರಲ್ಲಿ ತಂದ ಒಂದು ಕಂಪ್ಯೂಟರ್ ಇದೆ. ಥರ್ಡ್ ಜನರೇಶನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಕ್ಕ ಅದರಲ್ಲೇ ನುಡಿ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂ ಹಾಕಿಕೊಂಡು ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಾಳೆ. ಅದು ಎಷ್ಟು ನಿಧಾನ ಆಗಿತ್ತು ಅಂದ್ರೆ, ಅವ್ವ ಅಡುಗೆಮನೆಯಿಂದಲೇ ಲೆಕ್ಕ ಹೇಳುತ್ತಿದ್ದಳು: "ಅದು ಚಾಲೂ ಆಗೂದ್ರೊಳಗ ನಂದು ನಾಕು ರೊಟ್ಟಿ ಬಡದು ಮುಗೀತಾವ ನೋಡು."

ಅಂಗಡಿಯವರೊಬ್ಬರನ್ನು ಕೇಳಿದೆ. "ಫಾರ್ಮ್ಯಾಟ್ ಹೊಡದ್ ಬಿಡ್ರಿ, ಸಾಫ್ ಆಕ್ಕೈತಿ" ಅಂದರು. ಅಕ್ಕನ ಹತ್ತು ವರ್ಷದ ಫೈಲುಗಳು ಅದರಲ್ಲೇ ಇದ್ದವು. ನನಗೆ ಧೈರ್ಯ ಬರಲಿಲ್ಲ.

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತೆ. ಬಟನ್ ಒತ್ತಿದ ಮೇಲೆ ವಿಂಡೋಸ್ ಗುರುತು ಕಾಣಲು 55 ಸೆಕೆಂಡ್. ಅಲ್ಲಿಂದ ಪಾಸ್‌ವರ್ಡ್ ಕೇಳಲು 1 ನಿಮಿಷ 50 ಸೆಕೆಂಡ್. ಪಾಸ್‌ವರ್ಡ್ ಕೊಟ್ಟ ಮೇಲೆ ನುಡಿ ತೆರೆಯಲು 4 ನಿಮಿಷ 20 ಸೆಕೆಂಡ್. ಮೂರನ್ನೂ ಬೇರೆ ಬೇರೆ ಬರೆದಿಟ್ಟಿದ್ದು ಒಳ್ಳೇದಾಯ್ತು. ವಿಂಡೋಸ್ ಗುರುತು ಕಾಣುವ ಮೊದಲೇ ತಡ ಆಗ್ತಿದ್ರೆ, ಅದಕ್ಕೂ ವಿಂಡೋಸಿಗೂ ಸಂಬಂಧ ಇಲ್ಲ ಅಲ್ವಾ?

ಆ 55 ಸೆಕೆಂಡಿನಲ್ಲಿ ಅಕ್ಕ ದಿನಾ ಒಂದು ಎಫ್1 ಒತ್ತುತ್ತಿದ್ದಳು. ಯಾಕೆ ಅಂತ ಕೇಳಿದರೆ "ಅದು ಹಂಗ ಕೇಳ್ತೈತಿ" ಅಂದಳು. ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿತ್ತು. ರಾತ್ರಿ ಗೋಡೆಯ ಸ್ವಿಚ್ ಆರಿಸಿದರೆ ತಾರೀಖು ಹಾರಿ ಹಳೇ ವರ್ಷಕ್ಕೆ ಹೋಗುತ್ತಿತ್ತು, ಸೆಟ್ಟಿಂಗೂ ಅಳಿಯುತ್ತಿತ್ತು. ಬ್ರೌಸರ್ ಆಗಾಗ "ನಿಮ್ಮ ಗಡಿಯಾರ ಹಿಂದಿದೆ" ಅಂತ ತಕರಾರು ತೆಗೆಯುತ್ತಿದ್ದುದೂ ಇದಕ್ಕೇ. ಸಿಆರ್2032, 3 ವೋಲ್ಟಿನದು. ಹೊಸದು ಹಾಕಿದೆ. ಬಯೋಸ್ (ವಿಂಡೋಸಿಗಿಂತ ಮೊದಲು ಓಡುವ, ಬೋರ್ಡಿನದೇ ಪ್ರೋಗ್ರಾಂ) ಒಳಗೆ ಹೋಗಿ ನೋಡಿದರೆ ಅದು ವಿಂಡೋಸಿಗಾಗಿ ಮೊದಲು ಡಿವಿಡಿ, ಆಮೇಲೆ ನೆಟ್‌ವರ್ಕ್, ಕೊನೆಗೆ ಹಾರ್ಡ್ ಡಿಸ್ಕ್ ಹುಡುಕುತ್ತಿತ್ತು. ಹಾರ್ಡ್ ಡಿಸ್ಕನ್ನು ಮೇಲೆ ತಂದೆ. 55 ಇದ್ದದ್ದು 15ಕ್ಕೆ ಇಳಿಯಿತು.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದೆ. ಸ್ಟಾರ್ಟಪ್ ಪಟ್ಟಿಯಲ್ಲಿ, ಅಂದ್ರೆ ವಿಂಡೋಸ್ ಜೊತೆ ತಾನಾಗೇ ಚಾಲೂ ಆಗುವ ಪ್ರೋಗ್ರಾಂಗಳಲ್ಲಿ, 14 ಹೆಸರು. ಅದರಲ್ಲಿ ಎರಡು ಒಂದು ಪ್ರಿಂಟರಿನವು. ಆ ಪ್ರಿಂಟರ್ ರದ್ದಿಯವನಿಗೆ ಹೋಗಿ ನಾಲ್ಕು ವರ್ಷ ಆಗಿದೆ! ಅವಧಿ ಮುಗಿದ ಆಂಟಿವೈರಸ್ ಒಂದು ಸುಮ್ನೆ ಕೂತಿತ್ತು. ಅದನ್ನು ಪೂರ್ತಿ ತೆಗೆದೆ, ವಿಂಡೋಸಿನ ಡಿಫೆಂಡರ್ ತಾನೇ ಕೆಲಸಕ್ಕೆ ಬಂತು. ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆ. ಇಷ್ಟಾದರೂ ಕೊನೆಯ ಭಾಗದಲ್ಲಿ ಕಡಿಮೆಯಾದದ್ದು ಬರೀ 50 ಸೆಕೆಂಡ್. ಎರಡು ಭಾನುವಾರ ಇದರಲ್ಲೇ ಹೋಗಿದ್ದವು, ಬೇಜಾರಾಯಿತು.

ನಾನು ನೋಡದೇ ಬಿಟ್ಟದ್ದು ಕಣ್ಣೆದುರೇ ಇತ್ತು. ಕ್ಯಾಬಿನೆಟ್ಟಿನ ಮುಂದೆ ಡಿಸ್ಕಿನ ಕೆಲಸ ತೋರಿಸುವ ಕೆಂಪು ದೀಪ ಮಿಣುಕುತ್ತಿರಲಿಲ್ಲ, ಒಂದೇ ಸಮ ಉರಿಯುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100%, ಆದರೆ ಓದುತ್ತಿದ್ದುದು ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ. ಕಿವಿ ಹತ್ತಿರ ಇಟ್ಟರೆ ಟಿಕ್, ಟಿಕ್, ನಡುವೆ ಸ್ವಲ್ಪ ಮೌನ, ಮತ್ತೆ ಟಿಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ, ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ ಹಾಕಿ ನೋಡಿದೆ. ಹಳದಿ ಬಣ್ಣ, ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೆ ಅಂಕಿ. ಅಂದ್ರೆ ಕೆಲವು ಜಾಗ ಓದಲು ಬರುತ್ತಿಲ್ಲ, ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಒಂದು ಸಲ ತಪ್ಪಿದರೆ ಮತ್ತೆ ಒಂದು ಸುತ್ತು ಕಾಯಬೇಕು. ಇಂಥದ್ದು ಸಾವಿರಾರು ಸಲ ಆದರೆ ರೊಟ್ಟಿ ಬಡಿದು ಮುಗಿಯದೇ ಇರುತ್ತದೆಯೇ?

ಹಿಂದಿನ ದಿನವಷ್ಟೇ ಡಿಫ್ರಾಗ್ (ಡಿಸ್ಕಿನಲ್ಲಿ ಚದುರಿದ ಫೈಲಿನ ತುಂಡುಗಳನ್ನು ಒಟ್ಟಿಗೆ ಜೋಡಿಸೋದು) ಮಾಡೋಣ ಅಂತಿದ್ದೆ. ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ದುಡಿಮೆ. ಕರೆಂಟ್ ಹೋಗಿ ನಿಂತಿತು, ಪುಣ್ಯ.

ಅವತ್ತೇ ಬೇರೆ ಕೆಲಸ ಎಲ್ಲ ಬಿಟ್ಟು ಅಕ್ಕನ ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸಿದೆ. ಒಂದು ಫೋಲ್ಡರಿಗೇ ಮುಕ್ಕಾಲು ತಾಸು ಹಿಡಿಯಿತು. ಎರಡು ಫೈಲು ಬರಲೇ ಇಲ್ಲ.

ಹಾರ್ಡ್ ಡಿಸ್ಕಿನ ಬದಲು, ಚಿಪ್ಪಿನಲ್ಲಿ ಫೈಲು ಇಡುವ 240 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದೆ. ಹಳೇ ಡಿಸ್ಕಿನ ಕೇಬಲ್ಲೇ ಅದಕ್ಕೆ ಕೂಡುತ್ತದೆ. ಕ್ಯಾಬಿನೆಟ್ಟಿನಲ್ಲಿ ಅಷ್ಟು ಸಣ್ಣದಕ್ಕೆ ಜಾಗ ಇರಲಿಲ್ಲ, ಟೇಪ್ ಹಚ್ಚಿ ಕೂರಿಸಿದೆ; ಒಳಗೆ ತಿರುಗುವ ಭಾಗ ಏನೂ ಇಲ್ಲದ್ದರಿಂದ ನಡೆಯುತ್ತದೆ. ಹಾಳಾದ ಡಿಸ್ಕನ್ನು ಕ್ಲೋನ್ (ಇದ್ದದ್ದು ಇದ್ದಂಗೇ ನಕಲು) ಮಾಡಿದರೆ ಅದರ ಹುಳುಕೂ ಜೊತೆಗೇ ಬರಬಹುದು ಅಂತ ವಿಂಡೋಸ್ 10 ಹೊಸದಾಗಿ ಹಾಕಿದೆ. ಬೋರ್ಡ್ ಅದೇ ಇದ್ದದ್ದಕ್ಕೆ ಲೈಸೆನ್ಸ್ ತಾನಾಗೇ ಹತ್ತಿತು. ಈಗ ಬಟನ್ನಿನಿಂದ ನುಡಿ ತೆರೆಯುವವರೆಗೆ 47 ಸೆಕೆಂಡ್. ಶಟ್‌ಡೌನ್ ಆದ ಮೇಲೆ ಅಳೆದದ್ದು ಇದು. ರೀಸ್ಟಾರ್ಟ್ ಲೆಕ್ಕ ಬೇರೆ ಬರುತ್ತದೆ, ಎರಡನ್ನೂ ಕಲಸಬೇಡಿ.

ಒಂದು ಕೊರತೆ ಉಳಿದಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ನಿಯಮಕ್ಕೆ ಈ ಪ್ರೊಸೆಸರ್ ಹೊಂದುವುದಿಲ್ಲ. ಹಾಗಾಗಿ ಬ್ಯಾಂಕಿನ ವ್ಯವಹಾರ ಇದರಲ್ಲಿ ಬೇಡ ಅಂತ ಅಕ್ಕನಿಗೆ ಹೇಳಿದ್ದೇನೆ.

ಹಳೇ ಡಿಸ್ಕ್ ಕಪಾಟಿನಲ್ಲಿದೆ, ಸೀರೆಗಳ ಅಡಿಯಲ್ಲಿ. ಬಾರದೇ ಹೋದ ಎರಡು ಫೈಲಿನಲ್ಲಿ ಒಂದು ಅಕ್ಕ ತನ್ನ ಕೈಯಾರೆ ಟೈಪ್ ಮಾಡಿದ ತನ್ನದೇ ಲಗ್ನಪತ್ರಿಕೆ. ಆ ಡಿಸ್ಕನ್ನು ಎಸೆಯಲು ಆಕೆ ಬಿಡುತ್ತಿಲ್ಲ.